ಹುಬ್ಬಳ್ಳಿ ಸ್ಟೇಷನ್, ಬಸ್‌ಸ್ಟ್ಯಾಂಡ್ ಸುತ್ತ ರಾತ್ರಿ ಸೇವೆ: ಎಲ್ಲಿಂದ ಶುರು ಮಾಡಬೇಕು?

ಯುವಜನ ಕೂಟ, ಕೇಶ್ವಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಕ್ರೈಸ್ತ ಸಭೆಯ ಯುವಜನರೂ ಮಹಿಳಾ ಸಂಘದವರೂ ಸೇರಿ ಒಟ್ಟು 12 ಜನ ಇದ್ದೇವೆ: 8 ಹೆಣ್ಣುಮಕ್ಕಳು, 4 ಗಂಡಸರು. ರೈಲ್ವೆ ಸ್ಟೇಷನ್ ಹೊರಗೆ ಮತ್ತು ಹಳೇ ಬಸ್‌ಸ್ಟ್ಯಾಂಡ್ ಸುತ್ತ ರಾತ್ರಿ ಮಲಗುವ ವಲಸೆ ಕೂಲಿಗಳು, ಮಕ್ಕಳನ್ನು ಕಟ್ಟಿಕೊಂಡು ಒಂಟಿಯಾಗಿರುವ ಹೆಣ್ಣುಮಕ್ಕಳು, ಮೈಮಾರುವ ದಂಧೆಯಲ್ಲಿ ಸಿಕ್ಕಿಬಿದ್ದವರು, ಇವರ ನಡುವೆ ಸೇವೆ ಶುರು ಮಾಡಬೇಕು ಅಂತಿದ್ದೇವೆ. ಸಭೆಯ ಕಮಿಟಿ ತಿಂಗಳಿಗೆ 8,000 ರೂಪಾಯಿ ಒಪ್ಪಿದೆ.

ಸದ್ಯದ ಯೋಜನೆ ಇಷ್ಟು. ಪ್ರತಿ ಶನಿವಾರ ರಾತ್ರಿ 9ಕ್ಕೆ 100 ಪೊಟ್ಟಣ ಪಲಾವ್, ಪ್ರತಿ ಪೊಟ್ಟಣದಲ್ಲಿ ಒಂದು ಬೈಬಲ್ ವಚನದ ಕರಪತ್ರ, ಗಿಟಾರ್ ಹಿಡಿದು ಎರಡು ಹಾಡು, ಒಂದು ಪ್ರಾರ್ಥನೆ. ತಿಳಿಯದೇ ಇರುವುದು ಬಹಳ. ಊಟದ ಅಳತೆ ಹೇಗೆ? ಹೆಣ್ಣುಮಕ್ಕಳ ಜೊತೆ ಮಾತು ಹೇಗೆ ಶುರು ಮಾಡಬೇಕು? ಪೊಲೀಸರ ಅನುಮತಿ ಬೇಕಾ? ಮತಾಂತರ ಕಾಯ್ದೆ ನಮಗೆ ಎಷ್ಟು ತಟ್ಟುತ್ತದೆ? ಯಾರಾದರೂ "ಇವತ್ತೇ ನನ್ನನ್ನು ಇಲ್ಲಿಂದ ಕರಕೊಂಡು ಹೋಗ್ರಿ" ಅಂದರೆ ಆ ರಾತ್ರಿ ಏನು ಮಾಡಬೇಕು? ಈ ಕೆಲಸ ಗೊತ್ತಿದ್ದವರು ಬಿಡಿಸಿ ಹೇಳಿ.

ಘಂಟಿಕೇರಿ ಅಕ್ಕ

ತಮ್ಮಾ, ನೂರು ಪೊಟ್ಟಣದಿಂದ ಶುರು ಮಾಡಬ್ಯಾಡ್ರಿ. ಹುಬ್ಬಳ್ಳ್ಯಾಗ ಹಗಲಿನ ಅನ್ನಕ್ಕ ದಾರಿ ಐತಿ. ಇಂದಿರಾ ಕ್ಯಾಂಟೀನ್‌ನ್ಯಾಗ 5 ರೂಪಾಯಿಗೆ ನಾಷ್ಟಾ, 10ಕ್ಕ ಊಟ. ಸಿದ್ಧಾರೂಢ ಮಠದ ಪ್ರಸಾದ ಐತಿ. ಹೊಸದಾಗಿ ರೈಲು ಇಳಿದವರಿಗೆ ಇವು ಎಲ್ಲಿ ಅದಾವ ಅನ್ನೂದು ಗೊತ್ತಿರೂದಿಲ್ಲ, ಅದನ್ನ ಹೇಳೂದು ಮೊದಲನೇ ಸೇವೆ. ಇನ್ನು ಕೊರತೆ ಇರೂದು ಯಾವುದಕ್ಕ ಅಂದ್ರ, ರಾತ್ರಿ 8ರ ಮ್ಯಾಲೆ ಪರಿಚಯದ ಒಂದು ಮುಖಕ್ಕ. ಕೂಲಿ ಕೊಡದೆ ಗುತ್ತಿಗೆದಾರ ಓಡಿಹೋದಾಗ, ಕೂಸಿಗೆ ಜ್ವರ ಬಂದಾಗ, ಯಾವ ಬಾಗಲಾ ತಟ್ಟಬೇಕು ಅಂತ ಹೇಳಿ ಸಂಗಾಟ ಬರೋ ಮನಶ್ಯಾ ಬೇಕು.

ಮೊದಲನೇ ನಾಲ್ಕು ವಾರ ಬರೇ ಚಾ ಒಯ್ಯಿರಿ. 40 ಕಪ್ಪಿಗೆ ಕಪ್ಪಿಗೆ 100 ಮಿಲಿ ಅಂದ್ರ 4 ಲೀಟರ್ ಚಾ. 2 ಲೀಟರ್ ಹಾಲು, ಎರಡೂವರೆ ಲೀಟರ್ ನೀರು (ಅರ್ಧ ಲೀಟರ್ ಕುದ್ದು ಹೋಗತದ), 100 ಗ್ರಾಂ ಚಾಪುಡಿ, 400 ಗ್ರಾಂ ಸಕ್ಕರಿ, ಒಂದು ಹಿಡಿ ಜಜ್ಜಿದ ಶುಂಠಿ. ಸಂಗಾಟ ಎರಡೆರಡು ಬಾಳಿಹಣ್ಣು. ಆ ನಾಲ್ಕು ವಾರದಾಗ ನಿಮ್ಮ ಕೆಲಸ ಎಣಿಸೂದು: ಯಾರು ಖಾಯಂ ಇರತಾರ, ಯಾರು ಒಂದ ರಾತ್ರಿ ಇದ್ದು ಹೋಗತಾರ, ಮಕ್ಕಳು ಎಷ್ಟು, ಯಾವ ಭಾಷಾ. ಯಾದಗಿರಿ, ರಾಯಚೂರು ಕಡಿಯವರು ಕನ್ನಡ ಆಡತಾರ, ತಾಂಡಾದವರಿಗೆ ಲಂಬಾಣಿ, ಬಿಹಾರ, ಒಡಿಶಾದವರಿಗೆ ಹಿಂದಿ. ಹಿಂದಿ ಬರೋ ಒಬ್ಬಾಕಿ ತಂಡದಾಗ ಇರಲೇಬೇಕು.

ಶನಿವಾರ ಬ್ಯಾಡ. ಬಹಳಷ್ಟು ಕಡೆ ಬಟವಾಡೆ ಆವತ್ತ, ಕುಡಿತ ಜಾಸ್ತಿ, ಜಗಳ ಜಾಸ್ತಿ. ಮಂಗಳವಾರ ಇಲ್ಲಾ ಬುಧವಾರ ಹಿಡೀರಿ, 8ರಿಂದ ಒಂಬತ್ತೂವರೆ. ಅದೇ ವಾರ, ಅದೇ ಹೊತ್ತು, ಅವೇ ಎರಡು ಜಾಗ. ಒಂದು ವಾರ ತಪ್ಪಿದ್ರ ನಿಮ್ಮನ್ನ ನಂಬಿ ಕಾದಾಕಿ ಮುಂದಿನ ವಾರ ಮಾತಾಡೂದಿಲ್ಲ. ಕ್ರಿಸ್‌ಮಸ್ ತಿಂಗಳದಾಗ ಮಾತ್ರ ಬಂದು ಹೋಗೋ ತಂಡಗಳು ಬಹಳ ಆಗ್ಯಾವ, ಆ ಮಂದಿಗೂ ಅದು ಗೊತ್ತೈತಿ. 12 ಮಂದಿಯನ್ನ ಮೂರು ತಂಡ ಮಾಡಿ ಪಾಳಿ ಹಚ್ಚಿದ್ರ ಯಾರೂ ದಣಿಯೂದಿಲ್ಲ. ಎಲ್ಲಾರೂ ಪ್ರತಿ ವಾರ ಬರತೇವಿ ಅಂದ ತಂಡ ಮೂರನೇ ತಿಂಗಳಿಗೆ ನಿಲ್ಲತದ.

ಒಂದು ತಂಡಕ್ಕ ನಾಲ್ಕು ಜನ. ಹೆಣ್ಣುಮಕ್ಕಳ ಕೂಡ ಹೆಣ್ಣುಮಕ್ಕಳೇ ಮಾತಾಡಬೇಕು, ಇಬ್ಬಿಬ್ಬರು. ಗಂಡಸು 15 ಹೆಜ್ಜಿ ದೂರ, ಆಕಿಗೆ ಕಾಣೋ ಹಂಗ ನಿಂದ್ರಬೇಕು. ನಿಂತು ಮಾತಾಡಬ್ಯಾಡ್ರಿ, ಕುಕ್ಕರಗಾಲಿಲೆ ಕುಂದರ್ರಿ, ಆದ್ರ ಆಕಿ ಹಾಸಿಗಿ ಮ್ಯಾಲ ಅಲ್ಲ. ಅದು ಆಕಿ ಮನಿ. ಮೊದಲ ನಿಮ್ಮ ಹೆಸರು ಹೇಳ್ರಿ, "ಅವ್ವಾ, ಚಾ ತಗೋರಿ" ಅನ್ರಿ, ಸಾಕು. ಯಾವೂರು, ಗಂಡ ಎಲ್ಲಿ, ಯಾಕ ಬಂದಿ ಅಂತ ಕೇಳಬ್ಯಾಡ್ರಿ. ಪೊಲೀಸರೂ ದಲ್ಲಾಳಿಗಳೂ ಕೇಳೂದು ಅದನ್ನ. ಮೂರನೇ, ನಾಲ್ಕನೇ ವಾರಕ್ಕ ಆಕಿ ತಾನ ಹೇಳತಾಳ.

ಯಾರರೆ ದೂರ ನಿಂತು ಆಕಿಯನ್ನ ಕಾಯಾಕತ್ತಾರ ಅನ್ನಿಸಿದ್ರ ಕಪ್ಪು ಕೊಟ್ಟು ಮುಂದ ಹೋಗ್ರಿ. ಬೆನ್ನ ಹತ್ತಬ್ಯಾಡ್ರಿ, ಆಮ್ಯಾಲೆ ಹೊಡತ ತಿನ್ನಾಕಿ ಆಕಿ. ನಂಬರ್ ಬರೆದ ಚೀಟಿನೂ ಕೊಡಬ್ಯಾಡ್ರಿ. ಅಂಥವರು ರಾತ್ರಿ ಚೀಲ, ಕುಪ್ಪಸ ಎಲ್ಲಾ ತಡಕತಾರ. ಹೆಣ್ಣುಮಕ್ಕಳ ಸಹಾಯವಾಣಿ 181 ಅನ್ನೋ ಮೂರು ಅಂಕಿ ಬಾಯಿಲೆ ಹೇಳಿಸ್ರಿ, ಎರಡು ಸಲ. ಫೋನ್ ಇಲ್ಲದಾಕಿನೂ ಯಾರದರ ಫೋನ್ ಇಸ್ಕೊಂಡು ಒತ್ತಬಹುದು.

ಊಟ ಕೊಡಲೇಬೇಕು ಅಂದ್ರ ಐದನೇ ವಾರದಿಂದ ಕೊಡ್ರಿ. ಪಲಾವ್‌ಗೆ ಒಬ್ಬರಿಗೆ 110 ಗ್ರಾಂ ಅಕ್ಕಿ, 40 ಮಂದಿಗೆ ನಾಲ್ಕೂವರೆ ಕಿಲೋ. ಒಲಿಯಿಂದ ಇಳಿಸಿದ ಎರಡು ತಾಸಿನ ಒಳಗ ಕೈಗೆ ಮುಟ್ಟಬೇಕು. ಮಧ್ಯಾಹ್ನ ಮಾಡಿ ಬಿಸಿ ಬಿಸಿ ಪೊಟ್ಟಣ ಕಟ್ಟಿ ರಾತ್ರಿ ಕೊಟ್ಟ್ರ ಒಳಗ ಬೆವತು ಹಳಸತದ, ಮಾರ್ಚ್‌ನಿಂದ ಮೇ ತನಕ ಅಂತೂ ನೂರಕ್ಕ ನೂರು. ಮೊದಲು ಕೆಡೂದು ಹಸಿ ಕೊಬ್ಬರಿ ಚಟ್ನಿ, ಅದನ್ನ ಬಿಡ್ರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೆಡೂದಿಲ್ಲ, ನಮ್ಮ ಕಡಿಯವರು ಖುಷಿಲೆ ತಿಂತಾರ. ಬಿಹಾರದವರಿಗೆ ಅದು ರೂಢಿ ಇಲ್ಲ, ಅವರಿಗೆ ಚಪಾತಿ, ಬಟಾಟಿ ಒಣ ಪಲ್ಯ. ಹಂಚೋಕಿಂತ ಮೊದಲ ಮಂದಿ ಎಣಿಸ್ರಿ. 40 ಪೊಟ್ಟಣ ಐತಿ, 55 ಮಂದಿ ಅದಾರ ಅಂದ್ರ ಚೀಲಾ ಬಿಚ್ಚಬ್ಯಾಡ್ರಿ, ಬಾಳಿಹಣ್ಣು ಕೊಟ್ಟು ಬರ್ರಿ. ಕಡೀ ಹತ್ತು ಪೊಟ್ಟಣಕ್ಕ ಆಗೋ ನೂಕಾಟದಾಗ ಕೆಳಗ ಬೀಳೂದು ಕೂಸು ಎತ್ತಿಕೊಂಡಾಕಿ. ಗಾಡಿಯಿಂದ ಹಂಚೂದು ಬ್ಯಾಡೇ ಬ್ಯಾಡ.

ಗಿಟಾರ್ ಬ್ಯಾಡ, ಅಲ್ಲಿ ಮಂದಿ ಮಲಗಿರತಾರ. ಫೋಟೋ ಒಂದೂ ಬ್ಯಾಡ, ಬೆನ್ನಿನ ಫೋಟೋನೂ ಬ್ಯಾಡ. ಚೀಲದ ಮ್ಯಾಲ ಸಭೆ ಹೆಸರು ಅಚ್ಚು ಹಾಕಿಸಬ್ಯಾಡ್ರಿ.

8,000 ಸಾಕಾಗತದ. ಚಾ, ಹಣ್ಣು, ಆಟೋ ಸೇರಿ ವಾರಕ್ಕ 1,000. ಸ್ಯಾನಿಟರಿ ಪ್ಯಾಡ್, ಸೋಪು, ಒಳಉಡುಪು, ಓಆರ್‌ಎಸ್ ತಿಂಗಳಿಗೆ 1,500. ಉಳಿದ 2,500 ಊರಿಗೆ ಹೋಗೋರ ಟಿಕೆಟ್‌ಗೆ, ದವಾಖಾನಿ ಆಟೋಕ್ಕ. ಟಿಕೆಟ್ ನೀವ ತೆಗೆಸಿ ಕೊಡ್ರಿ, ರೊಕ್ಕ ಕೈಯಾಗ ಕೊಡಬ್ಯಾಡ್ರಿ, ಕಸಗೊಳ್ಳೋರು ಅಲ್ಲೇ ಇರತಾರ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ ಶಕ್ತಿ ಯೋಜನೆಯೊಳಗ ಪುಕ್ಕಟೆ, ಆದ್ರ ಇಲ್ಲಿನ ವಿಳಾಸ ಇರೋ ಗುರುತಿನ ಚೀಟಿ ಬೇಕು. ಚೀಟಿ ಕಳಕೊಂಡಾಕಿಗೆ, ಹೊರ ರಾಜ್ಯದಾಕಿಗೆ ಟಿಕೆಟ್ ತೆಗೀಬೇಕು. ಇನ್ನೊಂದು, ಎರಡು ಪವರ್‌ಬ್ಯಾಂಕ್ ಒಯ್ಯಿರಿ. ಊಟಕ್ಕಿಂತ ಮೊದಲ ಬಹಳ ಮಂದಿ ಕೇಳೂದು ಫೋನ್ ಚಾರ್ಜಿಂಗ್.

ವಕೀಲೆ, ಧಾರವಾಡ

ಅನುಮತಿಯ ಪ್ರಶ್ನೆ ಮೊದಲು. ರಸ್ತೆಯಲ್ಲಿ ನಾಲ್ಕು ಜನ ಚಹಾ ಕೊಡಲು ಪೊಲೀಸರ ಅನುಮತಿ ಬೇಕಿಲ್ಲ. ಆದರೂ ಆ ಜಾಗ ಸೇರುವ ಠಾಣೆಗೂ ಮಹಿಳಾ ಠಾಣೆಗೂ ಸಭೆಯ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ದಿನ, ಹೊತ್ತು, ತಂಡದವರ ಹೆಸರು, ಹಂಚುವ ವಸ್ತು, ಇಷ್ಟು ಪತ್ರದಲ್ಲಿರಲಿ. ಸ್ಟೇಷನ್ ಗೇಟಿನ ಒಳಗೆ ಮಾತ್ರ ಬೇರೆ ಲೆಕ್ಕ. ಅದು ರೈಲ್ವೆಯ ಜಾಗ, ಅಲ್ಲಿ ಏನೇ ಹಂಚುವುದಿದ್ದರೂ ಮೊದಲೇ ಲಿಖಿತ ಒಪ್ಪಿಗೆ ಬೇಕು. ಅಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ನಾಲ್ಕು ಜನರಿಂದ ಆಗುವ ಕೆಲಸವೂ ಅಲ್ಲ. ಹೊರಗಿನ ಜಾಗವೇ ಸಾಕು. ಒಳಗೆ ಒಂಟಿ ಮಗು ಕಂಡರೆ ರೈಲ್ವೆ ರಕ್ಷಣಾ ಪಡೆಗೆ (ಆರ್‌ಪಿಎಫ್) ತಿಳಿಸಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಾಯ್ದೆಗೆ ಬರುತ್ತೇನೆ. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022ರಲ್ಲಿ "ಆಮಿಷ" ಎಂಬ ಪದದ ವ್ಯಾಪ್ತಿ ದೊಡ್ಡದು. ಉಡುಗೊರೆ, ಹಣ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ಎಲ್ಲವೂ ಅದರೊಳಗಿವೆ. ಆಮಿಷವೊಡ್ಡಿ ಮತಾಂತರ ಮಾಡಿದರೆ ಸಾಮಾನ್ಯ ಶಿಕ್ಷೆ 3ರಿಂದ 5 ವರ್ಷ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 3ರಿಂದ 10 ವರ್ಷ, ಜೊತೆಗೆ ಕನಿಷ್ಠ 50,000 ರೂಪಾಯಿ ದಂಡ. ನೀವು ಹೋಗುತ್ತಿರುವುದು ಹೆಚ್ಚುಕಡಿಮೆ ಇವರ ಬಳಿಗೇ. ಇದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಷ್ಟೇ ಕಾಯ್ದೆ ಅಳಿಯುವುದಿಲ್ಲ, ಆದ್ದರಿಂದ ಅದನ್ನು ನಂಬಿ ನಡೆಯಬೇಡಿ. ಪಲಾವ್ ಪೊಟ್ಟಣದೊಳಗಿನ ಕರಪತ್ರವನ್ನು ಯಾರಾದರೂ ಠಾಣೆಗೆ ಒಯ್ದರೆ, ಊಟ ಆಮಿಷವಾಗಿತ್ತು ಎಂದು ತೋರಿಸಲು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಊಟವೂ ಉಪದೇಶವೂ ಒಂದೇ ಕೈಯಲ್ಲಿ, ಒಂದೇ ಹೊತ್ತಿನಲ್ಲಿ ಬರಬಾರದು. ಮುಂದೆ ಯಾರಾದರೂ ಸ್ವಂತ ಮನಸ್ಸಿನಿಂದ ದೀಕ್ಷಾಸ್ನಾನ ಕೇಳಿದರೆ, ಅವರೂ ಅದನ್ನು ನಡೆಸಿಕೊಡುವವರೂ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕು.

ದಂಧೆಯಲ್ಲಿರುವ ಹೆಣ್ಣುಮಕ್ಕಳ ವಿಷಯ. ವಯಸ್ಕ ಹೆಂಗಸು ಈ ಕೆಲಸದಲ್ಲಿದ್ದಾಳೆ ಎಂಬುದಷ್ಟೇ ಅಪರಾಧವಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಹಿಡಿಯುವುದು ಮುಖ್ಯವಾಗಿ ಅಡ್ಡೆ ನಡೆಸುವವರನ್ನು, ಅವಳ ದುಡಿಮೆಯ ಮೇಲೆ ಬದುಕುವವರನ್ನು, ಸಾಗಿಸುವವರನ್ನು. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದರೆ, ಅಥವಾ ಅಂಥ ಜಾಗದಲ್ಲಿ, ಅದರ ಹತ್ತಿರ ದಂಧೆ ನಡೆಸಿದರೆ ಅವಳ ಮೇಲೂ ಕೇಸು ಬೀಳಬಹುದು. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರು ಇವರನ್ನು ಘನತೆಯಿಂದ ಕಾಣಬೇಕೆಂದಿದೆ. ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ದೃಢೀಕರಿಸಿದರೆ ವಿಳಾಸದ ಪುರಾವೆ ಇಲ್ಲದೆಯೂ ಆಧಾರ್ ಸಿಗುವ ದಾರಿ ಅದರಿಂದ ತೆರೆದಿದೆ. ಆಧಾರ್ ಇಲ್ಲದೆ ಬ್ಯಾಂಕ್ ಖಾತೆ, ರೇಷನ್, ಬಾಡಿಗೆ ಮನೆ ಯಾವುದಕ್ಕೂ ಕಷ್ಟ. ಹೊರಬರುವ ಹೆಣ್ಣುಮಗಳು ಮತ್ತೆ ಅಲ್ಲಿಗೇ ಮರಳುವುದು ಬಹಳ ಸಲ ಇದೇ ಕಾರಣಕ್ಕೆ. ನಿಮ್ಮ ಸೇವೆಯ ಅರ್ಧ ಭಾಗ ಈ ಕಾಗದದ ಕೆಲಸವಾಗಲಿ ಎನ್ನುವುದು ನನ್ನ ಅಭಿಪ್ರಾಯ.

ಹದಿನೆಂಟರ ಒಳಗಿನ ಹುಡುಗಿ ಎಂಬ ಅನುಮಾನ ಬಂದರೂ ಸಾಕು, ಲೆಕ್ಕವೇ ಬೇರೆ. ಲೈಂಗಿಕ ಶೋಷಣೆ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಯಾರಿಗೂ ಹೇಳುವುದಿಲ್ಲ" ಎಂದು ಅವಳಿಗೆ ಮೊದಲೇ ಮಾತು ಕೊಡಬೇಡಿ. 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವಳು ಹಾಜರಾಗಬೇಕು. ಒಂದು ರಾತ್ರಿ ಸಭೆಯ ಹಾಲ್‌ನಲ್ಲಿ ಮಲಗಿಸೋಣ ಎಂಬ ಕನಿಕರವೇ ನಾಳೆ ಅಪಹರಣದ ಆರೋಪವಾಗಿ ತಿರುಗುತ್ತದೆ.

ಕೂಲಿ ಬಾಕಿಯ ದೂರಿಗೆ ಕಾರ್ಮಿಕ ಸಹಾಯವಾಣಿ 155214. ಕರೆ ಮಾಡುವ ಮೊದಲು ಗುತ್ತಿಗೆದಾರನ ಹೆಸರು, ಫೋನ್ ನಂಬರ್, ಸೈಟಿನ ಜಾಗ, ಕೆಲಸ ಮಾಡಿದ ತಾರೀಖುಗಳು ಒಂದು ಹಾಳೆಯಲ್ಲಿರಲಿ. ಇವಿಲ್ಲದೆ ದೂರು ಮುಂದಕ್ಕೆ ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ನಂಬರ್ 15100.

ಯುವಜನ ಕೂಟ, ಕೇಶ್ವಾಪುರ

ಅಕ್ಕಾರ, ಮೇಡಂ, ಬಹಳ ಉಪಕಾರ ಆಯಿತು. ಎರಡು ವಿಷಯ ಉಳಿದಿವೆ. ವಯಸ್ಕ ಹೆಣ್ಣುಮಗಳು ರಾತ್ರಿ 9ಕ್ಕೆ ಕರೆದುಕೊಂಡು ಹೋಗಿ ಅಂದರೆ ಮೊದಲು ಎಲ್ಲಿಗೆ? ಮತ್ತೊಂದು, ಕಮಿಟಿಯ ಹಿರಿಯರು ಕೇಳುತ್ತಿದ್ದಾರೆ: ಕರಪತ್ರವೂ ಇಲ್ಲ, ಹಾಡೂ ಇಲ್ಲ ಅಂದರೆ ಇದು ಸುವಾರ್ತಾ ಸೇವೆ ಹೇಗಾಗುತ್ತದೆ ಅಂತ.

ನರ್ಸ್, ಹುಬ್ಬಳ್ಳಿ

ಮೊದಲು 181ಕ್ಕೆ ಕರೆ ಮಾಡಿ, ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ (ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಸರ್ಕಾರದ ನೆರವು ಕೇಂದ್ರ) ಜಾಗ ಕೇಳಿ. ಅದು 24 ತಾಸೂ ತೆರೆದಿರುತ್ತದೆ, ಸುಮಾರು 5 ದಿನ ಇರಲು ಅವಕಾಶವಿದೆ. ಅಲ್ಲಿಂದ ಮುಂದೆ ದೀರ್ಘ ಕಾಲದ ಆಶ್ರಯಕ್ಕೆ ಅವರೇ ಕಳಿಸುತ್ತಾರೆ. ಜೊತೆಗೆ ದೊಡ್ಡ ಗಂಡು ಹುಡುಗ ಇದ್ದರೆ ಫೋನಿನಲ್ಲೇ ಹೇಳಿ, ಬಾಗಿಲಿಗೆ ಹೋದ ಮೇಲೆ ತಾಯಿ, ಮಗನನ್ನು ಬೇರೆ ಮಾಡಿದರೆ ಅವಳು ವಾಪಸ್ ನಡೆದುಬಿಡುತ್ತಾಳೆ. ಆಟೋದಲ್ಲಿ ಇಬ್ಬರು ಹೆಣ್ಣುಮಕ್ಕಳು ಜೊತೆಗಿರಲಿ. ಯಾರ ಮನೆಗೂ ಬೇಡ, ಬೈಕ್ ಮೇಲಂತೂ ಬೇಡ. ಅವಳ ಚೀಲ, ಫೋನ್, ಮಕ್ಕಳು ಮೂರೂ ಬಂದಿವೆಯೇ ನೋಡಿ. ಮಗು ಅಲ್ಲೇ ಉಳಿದಿದ್ದರೆ ಬೆಳಗಾಗುವುದರೊಳಗೆ ಮರಳುತ್ತಾಳೆ.

ಹಲ್ಲೆ ಅಥವಾ ಅತ್ಯಾಚಾರ ಆಗಿದ್ದರೆ ನೇರ ಕಿಮ್ಸ್‌ನ (ಈಗಿನ ಕೆಎಂಸಿಆರ್‌ಐ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ತುರ್ತು ವಿಭಾಗಕ್ಕೆ. ಸ್ನಾನ ಮಾಡಿಸಬೇಡಿ, ಬಟ್ಟೆ ಬದಲಿಸಿದ್ದರೆ ಹಳೆಯದನ್ನು ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ತೇವಕ್ಕೆ ಸಾಕ್ಷ್ಯ ಹಾಳಾಗುತ್ತದೆ. ಎಚ್‌ಐವಿ ತಡೆಯುವ ಔಷಧಿ 72 ತಾಸಿನೊಳಗೆ ಶುರುವಾಗಬೇಕು, ಗರ್ಭ ತಡೆಯುವ ಮಾತ್ರೆಯೂ ಬೇಗ ಬಿದ್ದಷ್ಟು ಒಳ್ಳೆಯದು. ಬೆಳಗ್ಗೆ ಹೋಗೋಣ ಅನ್ನಬೇಡಿ. ಅತ್ಯಾಚಾರಕ್ಕೊಳಗಾದವಳ ಚಿಕಿತ್ಸೆಗೆ ಮೊದಲು ಎಫ್‌ಐಆರ್ ತನ್ನಿ ಎಂದು ಯಾವ ಆಸ್ಪತ್ರೆಯೂ, ಖಾಸಗಿಯಾದರೂ, ಹೇಳುವಂತಿಲ್ಲ, ದುಡ್ಡೂ ಕೇಳುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಇದು, ನಂಬರ್ ನೆನಪಿಟ್ಟುಕೊಳ್ಳಿ.

ನೀವು ಮುಂದೆ ನೋಡಲಿರುವ ಇನ್ನೊಂದು ಅಪಾಯದ ಬಗ್ಗೆ ಒತ್ತಿ ಹೇಳಬೇಕು. ದಿನಾ ಕುಡಿಯುವ ಮನುಷ್ಯನಿಗೆ ಪ್ರಾರ್ಥನೆ ಮಾಡಿ "ಇವತ್ತಿನಿಂದ ಮುಟ್ಟಬೇಡ" ಎಂದು ಪ್ರಮಾಣ ಮಾಡಿಸುತ್ತಾರೆ. ವರ್ಷಗಟ್ಟಲೆ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸಿನಲ್ಲಿ ಕೈನಡುಕ, ಬೆವರು ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಂಡು, ಭ್ರಮೆಯಾಗಿ ಜೀವಕ್ಕೇ ಅಪಾಯ. ಅದನ್ನು ದೆವ್ವ ಎಂದುಕೊಂಡು ಕೂರಿಸಿ ಪ್ರಾರ್ಥಿಸಿದರೆ ಮನುಷ್ಯ ಉಳಿಯದೇ ಹೋಗಬಹುದು. ಬಿಡುವ ಮನಸ್ಸಿದ್ದವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ, ಔಷಧಿಯ ಆಸರೆಯಲ್ಲಿ ಬಿಡಿಸುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದಕ್ಕೂ ಇದೆ, ಮಾನಸಿಕ ಕಾಯಿಲೆಗೂ ಇದೆ. ಮೈಮೇಲೆ ಬಟ್ಟೆಯ ಪರಿವೆ ಇಲ್ಲದೆ ಅಲೆಯುವ ಹೆಣ್ಣುಮಗಳನ್ನು ನೀವೇ ಎಳೆದೊಯ್ಯಬೇಡಿ. ಅವಳನ್ನು ರಕ್ಷಣೆಗೆ ತೆಗೆದುಕೊಂಡು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರ ಕರ್ತವ್ಯ. 112ಕ್ಕೆ ಕರೆ ಮಾಡಿ, ಅವರು ಬರುವ ತನಕ ಶಾಲು ಹೊದಿಸಿ ಹತ್ತಿರ ಕುಳಿತಿರಿ.

ಎರಡು ವಾರ ದಾಟಿದ ಕೆಮ್ಮು ಕಂಡರೆ ಕಫ ಪರೀಕ್ಷೆಗೆ ಕಳಿಸಿ. ಕ್ಷಯದ ಔಷಧಿ ಉಚಿತ, ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ವಲಸೆಯವರ ಚಿಕಿತ್ಸೆ ಮುರಿಯುವುದು ಸೈಟ್ ಬದಲಾದಾಗ. ನಿಕ್ಷಯ್ ನಂಬರನ್ನು (ಕ್ಷಯ ರೋಗಿಯ ನೋಂದಣಿ ಸಂಖ್ಯೆ) ಅವರ ಫೋನಿನಲ್ಲಿ ಬರೆದುಕೊಡಿ, ಅದನ್ನು ತೋರಿಸಿದರೆ ದೇಶದ ಯಾವ ಊರಲ್ಲಾದರೂ ಮುಂದುವರಿಸಬಹುದು. ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸಿ, ಆ ಭಾಗದ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು.

ಸಭಾಪಾಲಕರು, ಬೆಟಗೇರಿ

ಕಮಿಟಿಯ ಹಿರಿಯರ ಪ್ರಶ್ನೆಗೆ. ಮತ್ತಾಯ 25ರಲ್ಲಿ ಹಸಿದವನಿಗೆ ಉಣಿಸಿದವರಿಗೆ, ತಾವು ಯಾರಿಗೆ ಉಣಿಸಿದೆವು ಎಂಬುದೇ ಗೊತ್ತಿರಲಿಲ್ಲ. ಅದನ್ನು ಅವರ ಜೊತೆ ಕೂತು ಓದಿ. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. "ಅನ್ನ ಕೊಟ್ಟು ಜಾತಿ ಕೆಡಿಸ್ತಾರೆ" ಎಂಬ ಸಂಶಯ ಈ ಭಾಗದಲ್ಲಿ ಹೊಸದಲ್ಲ. ಹಸಿದವಳು ಕರಪತ್ರ ಬೇಡ ಎನ್ನಲಾರಳು. ಬೇಡ ಎನ್ನಲಾಗದವಳಿಗೆ ಕೊಟ್ಟದ್ದು ಸುವಾರ್ತೆ ಆಗುವುದಿಲ್ಲ.

ಹಾಗೆಂದು ಯಾರೆಂಬುದನ್ನು ಮುಚ್ಚಿಡಬೇಡಿ, ಅದೂ ಸುಳ್ಳೇ. "ನೀವು ಯಾರು, ಯಾಕೆ ಬರ್ತೀರಿ" ಎಂದು ಕೇಳಿದರೆ, ಕ್ರೈಸ್ತರು, ಇಂಥ ಸಭೆಯವರು, ಯೇಸು ಹೇಳಿದ್ದಕ್ಕೆ ಬರುತ್ತೇವೆ ಎಂದು ಒಂದೇ ವಾಕ್ಯದಲ್ಲಿ ಹೇಳಿ. ಪ್ರಾರ್ಥಿಸಿ ಎಂದು ಅವರೇ ಕೇಳಿದರೆ ಅವರ ಭಾಷೆಯಲ್ಲಿ, ಅರ್ಧ ನಿಮಿಷ, ತಲೆ ಮೇಲೆ ಕೈ ಇಡದೆ. ಯಾರಾದರೂ ಭಾನುವಾರ ತಾವಾಗಿ ಬಂದರೆ ಪರಿಚಯದ ಅಕ್ಕ ಪಕ್ಕದಲ್ಲಿ ಕೂರಲಿ. ಎದ್ದು ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿ. ಅವಳ ಬದುಕು ಒಮ್ಮೆ ಮೈಕಿನಲ್ಲಿ ಬಂದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು, ಅವಳಿಗೆ ಬಾಡಿಗೆ ಮನೆ ಸಿಗುವುದಿಲ್ಲ. ತಂಡದ ರಿಜಿಸ್ಟರಿನಲ್ಲೂ ಹೆಸರು ಬೇಡ, ಗುರುತಿನ ಅಂಕಿ ಸಾಕು. ಪ್ರಾರ್ಥನಾ ವಿನಂತಿ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದೂ ಚಾಡಿಯೇ.

ಬ್ಯಾಡಗಿ ಕಡೆಯವರು

ನಗರದ್ದಲ್ಲ, ಆದರೆ ಹತ್ತಿರದ್ದು. ಜನವರಿಯಿಂದ ಬೇಸಿಗೆಯ ತನಕ ಇಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ದೂರದ ಊರುಗಳಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. ಇಲ್ಲಿಗೂ ತಂಡ ತರುವುದಾದರೆ ಸೋಮವಾರ, ಗುರುವಾರ ಬಿಟ್ಟು ಬನ್ನಿ, ಅವು ಮಾರುಕಟ್ಟೆ ದಿನ, ಯಾರಿಗೂ ಪುರಸೊತ್ತಿಲ್ಲ. ತೂಕದ ಮೇಲೆ ಕೂಲಿ, ಹಾಗಾಗಿ ಕೆಲಸದ ಹೊತ್ತಿನಲ್ಲಿ ಮಾತಾಡಿಸಿದರೆ ಅವರ ದುಡ್ಡು ಕಡಿದಂತೆ. ಕತ್ತಲಾದ ಮೇಲೆ ಅಡುಗೆ ಹಚ್ಚುವ ಹೊತ್ತು ಸರಿ. ತರಬೇಕಾದ್ದು ಕೊಬ್ಬರಿ ಎಣ್ಣೆ, ಸೋಪು, ದಪ್ಪ ಹತ್ತಿ ಬಟ್ಟೆ. ಕೈಯುರಿಗೆ ಬರೀ ನೀರು ಸುರಿದರೆ ಖಾರ ಹೋಗದು, ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ಮೊದಲು ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಕೂಸಿಗೆ ಹಾಲು ಕುಡಿಸುವ ಮೊದಲು ಹೀಗೆ ತೊಳೆಯದಿದ್ದರೆ ಮಗುವಿನ ಕಣ್ಣು, ಬಾಯಿಗೆ ಖಾರ ಹತ್ತಿ ರಾತ್ರಿಯೆಲ್ಲ ಅಳುತ್ತದೆ.

ಯುವಜನ ಕೂಟ, ಕೇಶ್ವಾಪುರ

ಯೋಜನೆ ಬದಲಿಸಿದ್ದೇವೆ. ಬುಧವಾರ 8ರಿಂದ 9.30, ನಾಲ್ಕು ಜನರ ಮೂರು ಪಾಳಿ, ಚಹಾ ಮತ್ತು ಬಾಳೆಹಣ್ಣು, ಕರಪತ್ರ ಇಲ್ಲ. ಠಾಣೆಗೆ ಪತ್ರ ಸೋಮವಾರ ಕೊಡುತ್ತೇವೆ. ಮಳೆ ಬಂದರೆ ಆ ವಾರ ಗುರುವಾರಕ್ಕೆ ಹಾಕಬಹುದಾ?

ಘಂಟಿಕೇರಿ ಅಕ್ಕ

ಮುಂದ ಹಾಕಬ್ಯಾಡ್ರಿ ತಮ್ಮಾ. ಮಳಿ ದಿನಾನ ಮಂದಿಗೆ ಬೇಕಾಗಿರೂದು. ಆವತ್ತ ಫುಟ್‌ಪಾತಿನವರು ಅಂಗಡಿ ಕಟ್ಟಿ ಮ್ಯಾಲ, ಬಸ್‌ಸ್ಟ್ಯಾಂಡ್ ಒಳಗ ಸರದಿರತಾರ, ಅಲ್ಲಿ ಹುಡುಕ್ರಿ. 6 ಅಡಿ ಅಗಲ 9 ಅಡಿ ಉದ್ದದ ತಾಡಪತ್ರಿ ನಾಲ್ಕು, ಒಣ ಟವೆಲ್ ಹತ್ತು ಒಯ್ಯಿರಿ. ತಾಡಪತ್ರಿ ಒಬ್ಬೊಬ್ಬರಿಗೆ ಅಲ್ಲ, ಕೂಸು ಇರೋ ಒಂದೊಂದು ಕುಟುಂಬಕ್ಕ ಒಂದು. ಮುಂದಿನ ಬುಧವಾರ ಅವ ಕುಟುಂಬ ಅಲ್ಲೇ ಅದಾವೇನು ನೋಡಿ, ಇಲ್ಲಾ ಅಂದ್ರ ಎಲ್ಲಿಗೆ ಹೋದ್ರು ಅಂತ ಬಾಜೂದವರನ್ನ ಕೇಳ್ರಿ.